ಫುಕಟ್ ಒಲ್ಲದ ಅತ್ತೆ

ನಮ್ಮ ಅತ್ತೆಯನ್ನು ಸ್ವರ್ಗದೊಳಗೆ ಕರೆದುಕೊಳ್ಳುವುದು ದೇವರಿಗೂ ಕಷ್ಟ. ಪಾಪಿ ಎಂದಲ್ಲ! "ಬಾರಮ್ಮ ಒಳಗೆ" ಎಂದು ಅವನು ಬಾಗಿಲು ತೆರೆದರೆ, "ಮೊದ್ಲ ಅಂಗಳ ಗುಡಿಸಿ ಬರ್ತೇನ್ರಿ, ಕಸಬರಗಿ ಎಲ್ಲಿ ಅದ?" ಎಂದು ಕೇಳುವ ಹೆಂಗಸು ಅವಳು. ನಮ್ಮಪ್ಪನ ಅಕ್ಕ. ದವಾಖಾನೆಯಲ್ಲಿ ನರ್ಸಾಗಿದ್ದವಳು, ಈಗ ಬೀದರಿನ ಮೈಲೂರಿನಲ್ಲಿ ನಮ್ಮ ಜೊತೆಯೇ ಇದ್ದಾಳೆ. ಯಾರಿಂದಲೂ ಏನನ್ನೂ ಫುಕಟ್ ತೆಗೆದುಕೊಳ್ಳಬಾರದು ಎಂಬುದೊಂದೇ ಅವಳ ಹಟ. ಇದನ್ನು ಸದ್ಗುಣ ಎನ್ನುವವರು ಒಂದು ತಿಂಗಳು ಅವಳ ಜೊತೆ ಬಾಳಿ ನೋಡಲಿ! ನನಗಂತೂ ಮೈಯೆಲ್ಲ ಉರಿಯುತ್ತದೆ.

ಉರಿಗೆ ಕಾರಣವಿದೆ. ನಮ್ಮ ಚರ್ಚಿನ ಪ್ರಭುಭೋಜನಕ್ಕೆ ರೊಟ್ಟಿ ಸುಡುವವಳು ಇವಳೇ, ಬಟ್ಟಲು ತೊಳೆಯುವವಳೂ ಇವಳೇ. ಆದರೆ ನಾಲ್ಕು ವರ್ಷದಿಂದ ಒಂದು ತುಣುಕನ್ನೂ ಬಾಯಿಗಿಟ್ಟಿಲ್ಲ. ಎಲ್ಲರೂ ವೇದಿಯ ಮುಂದೆ ಮಂಡಿಯೂರುವಾಗ ಇವಳು ಹಿಂದಿನ ಬೆಂಚಿನಲ್ಲಿ ಕಂಬದಂತೆ ಕೂತಿರುತ್ತಾಳೆ. ಕೇಳಿದರೆ, "ನಾ ಲಾಯಕ್ ಇಲ್ಲೋ" ಎಂದಷ್ಟೇ ಉತ್ತರ.

ಅವಳ ಹಟದ ಪರಿ ಕೇಳಿ. ಪಂಚಮಿಗೆ ಪಕ್ಕದ ಮನೆಯವರು ಒಂದು ಬಟ್ಟಲು ಉಂಡಿ ಕಳಿಸಿದರು. ಬಟ್ಟಲನ್ನು ಖಾಲಿ ತಿರುಗಿಸಬಾರದು, ಅದು ನಮ್ಮ ಕಡೆ ಎಲ್ಲರ ರೀತಿ. ಒಂದು ಹಿಡಿ ಸಕ್ಕರೆ ಹಾಕಿದ್ದರೆ ಮುಗಿಯುತ್ತಿತ್ತು. ಅತ್ತೆ ಕಳಿಸಿದ್ದೇನು? ಜೀವಂತ ಕೋಳಿ! ಅದೂ ಮಾಂಸ ಮುಟ್ಟದವರ ಮನೆಗೆ!

"ಅತ್ತಿ, ಅವ್ರು ತತ್ತೀನೂ ತಿನ್ನಂಗಿಲ್ಲ!"

"ತಿನ್ನು ಅಂತ ಯಾರ್ ಅಂದಾರ? ಮುಂಜಾನಿ ಕೂಗಿ ಎಬ್ಬಸ್ಲಿ."

ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಬರುವ ಬಸ್ಸಿನಲ್ಲಿ ಒಬ್ಬ ಪುಣ್ಯಾತ್ಮ ಎದ್ದು ಇವಳಿಗೆ ಜಾಗ ಕೊಟ್ಟ. ಅರ್ಧ ದಾರಿಗೆ ಇವಳು ಎದ್ದು ನಿಂತು, "ನಿಮ್ಮ ಪಾಳಿ ಬಂತು, ಕೂಡ್ರಿ" ಎಂದಳು. "ಬ್ಯಾಡ್ರಿ ಅಮ್ಮ" ಎಂದು ಅವನು. "ಕೂಡಬೇಕ್ರಿ" ಎಂದು ಇವಳು. ಇಬ್ಬರೂ ಜಗಳವಾಡುತ್ತ ನಿಂತರು. ಭಾಲ್ಕಿಯವರೆಗೆ ಆ ಸೀಟಿನಲ್ಲಿ ಆರಾಮಾಗಿ ಕೂತು ಬಂದವನು ಮೂರನೆಯವನು!

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಕಲಿಸುವ ಸಾಲೆಯಲ್ಲಿ ಪೇಡೆ ಹಂಚಿದರು. ಅತ್ತೆಗೂ ಎರಡು ತಂದೆ. "ಮೈಸೂರಿನವ್ರು ನಮಗ ಸೇರಿಸ್ಕೊಂಡಾರ, ಮ್ಯಾಲ ಪೇಡಾನೂ ಕೊಡ್ಲಾಕತ್ತಾರ. ನಾವೇನ್ ಕೊಟ್ಟೀವಿ?" ಎಂದು ಯೋಚನೆಗೆ ಬಿದ್ದಳು. ಮರುವಾರ ತಹಸೀಲ ಕಚೇರಿಯಲ್ಲಿ ಒಂದು ಚೀಲ ತೊಗರಿಬೇಳೆ ಇಳಿಸಿದಳು! ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಗುಮಾಸ್ತ ಲಂಚವೆಂದು ಹೆದರಿ ಬೆವತುಹೋದ. ಕೊನೆಗೆ ನನಗೇ ಕರೆ ಬಂತು. ನನ್ನ ವಿದ್ಯಾರ್ಥಿಗಳೆಲ್ಲ ನೋಡುತ್ತಿರುವಾಗ ಬಜಾರದ ನಡುವೆ ಆ ಚೀಲ ಹೊತ್ತು ಮನೆಗೆ ತಂದೆ.

ನಗುತ್ತಿದ್ದೀರಾ? ನಗಿ. ನಾನು ಮಾತ್ರ ನಗಲಾರೆ. ನಮ್ಮವ್ವ ಒಮ್ಮೆ ತವರೂರು ಔರಾದಿನಿಂದ, ಆಗ ಬೇರೆ ಮನೆಯಲ್ಲಿದ್ದ ಇವಳಿಗೊಂದು ಸೀರೆ ತಂದಿದ್ದಳು. ಹಬ್ಬವಿಲ್ಲ, ಮದುವೆಯಿಲ್ಲ, ಬರೀ ಪ್ರೀತಿಗೆ. "ಯಾವ ಲೆಕ್ಕಕ್ಕ ಇದು?" ಎಂದು ಇವಳು ಹಿಂದಕ್ಕೆ ಕಳಿಸಿದಳು. ಅವ್ವ ಅತ್ತಳು. ಮಾತಿಗೆ ಮಾತು ಬೆಳೆದು ಎರಡೂ ಮನೆಯ ಮಾತು ನಿಂತಿತು. ಆಮೇಲೆ ಅವ್ವ ಹಾಸಿಗೆ ಹಿಡಿದಳು. ಊರಿನವರಿಗೆಲ್ಲ ಔಷಧಿ ಕುಡಿಸಿದ ಈ ನರ್ಸಮ್ಮ ನಮ್ಮ ಹೊಸ್ತಿಲು ತುಳಿಯಲಿಲ್ಲ. ಬಂದದ್ದು ಅವ್ವನನ್ನು ಮಣ್ಣು ಮಾಡುವ ದಿನ. ಅಂದಿನಿಂದ ಅವಳು ಪ್ರಭುಭೋಜನದ ರೊಟ್ಟಿ ಬಾಯಿಗೆ ಮುಟ್ಟಿಸಿಲ್ಲ. ಮುಟ್ಟಿಸದಿದ್ದರೆ ಬಿಡಲಿ, ಬೇಯಲಿ ಒಳಗೊಳಗೇ, ಎಂದುಕೊಂಡವನು ನಾನು! ಅವಳು ವಯಸ್ಸಾಗಿ ನಮ್ಮ ಮನೆಗೆ ಬಂದ ಮೇಲೂ ಆ ಸಿಟ್ಟು ಇಳಿಯಲಿಲ್ಲ.

ಕಳೆದ ಭಾನುವಾರ ನಾನು ವೇದಿಯ ಮುಂದೆ ಮಂಡಿಯೂರಿದ್ದೆ. ಪಾದ್ರಿ ಸಾಹೇಬರು, "ಇದು ಲಾಯಕ್ ಇದ್ದವರ ಊಟ ಅಲ್ರಿ. ಹಂಗಿದ್ರ ನಾನೂ ಇಲ್ಲಿ ನಿಂದರ್ತಿದ್ದಿಲ್ಲ" ಎಂದರು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ರೊಟ್ಟಿ ತೆಗೆದುಕೊಳ್ಳದೆ ಎದ್ದು ಹಿಂದಿನ ಬೆಂಚಿಗೆ ಹೋದೆ.

"ಅತ್ತಿ, ಅವ್ವ ಹೋಗೂ ಮುಂದ ನಿನಗೊಂದು ಮಾತು ಹೇಳು ಅಂದಿದ್ಳು. 'ಅಕ್ಕಗ ಹೇಳು, ನನಗ ಆಕಿ ಮ್ಯಾಲ ಸಿಟ್ಟಿಲ್ಲ' ಅಂತ. ನಾ ಹೇಳ್ಲಿಲ್ಲ."

ಅತ್ತೆ ನನ್ನನ್ನೇ ನೋಡಿದಳು. "ನಾಕ್ ವರ್ಷ?"

"ನಾಕ್ ವರ್ಷ."

"ಯಾಕೋ?"

"ಸಿಟ್ಟಿಗಿ."

ಕಪಾಳಕ್ಕೆ ಬೀಳುತ್ತದೆಂದು ಕಾದೆ. ಬೀಳಲೆಂದೇ ಬಯಸಿದೆ. ಬೀಳಲಿಲ್ಲ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ನಿನಗ ನಾ ಈಗ ಏನ್ ಮಾಡ್ಲಿ ಅತ್ತಿ? ಹೇಳು, ಏನರೆ ಮಾಡ್ತೀನಿ" ಎಂದೆ.

"ಏನೂ ಮಾಡಬ್ಯಾಡ" ಎಂದು ಅವಳು ನನ್ನ ಹೆಗಲಿಗೆ ಭಾರ ಹಾಕಿ ಎದ್ದು ವೇದಿಯ ಕಡೆ ತಿರುಗಿದಳು. "ನಡಿ ಮಗಾ. ಇಬ್ಬರೂ ಹೋಗೋಣು."