ಕಿಸೆ ಇಲ್ಲದ ಟೀ ಶರ್ಟು

ನಮ್ಮ ಕಡೆ ಯಾರಾದರೂ ಏನಾದರೂ ಕೊಡಲು ಬಂದರೆ ಕೂಡಲೇ ಕೈ ಚಾಚುವುದು ಮರ್ಯಾದಸ್ಥರ ಲಕ್ಷಣವಲ್ಲ. ರೊಟ್ಟಿಯಾಗಲಿ ರೊಕ್ಕವಾಗಲಿ, ಮೊದಲು 'ಒಲ್ಲೆ' ಅನ್ನಬೇಕು. ಕೊಡುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ರೊಟ್ಟಿಯಾದರೆ ತಾಟಿಗೆ ಹಾಕಬೇಕು, ರೊಕ್ಕವಾದರೆ ಕಿಸೆಗೆ ತುರುಕಬೇಕು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕೈ ಹಿಡಿದು ಜಗ್ಗಾಡುತ್ತಿದ್ದರೆ ಬಿಡಿಸಲು ಹೋಗಬೇಡಿ. ಬೀಗರು ಬೀಗರಿಗೆ ಟಿಕೆಟ್ಟಿನ ದುಡ್ಡು ಕೊಡುತ್ತಿರುತ್ತಾರೆ. ಈ ಪದ್ಧತಿ ನನಗೆ ಭಾರಿ ಇಷ್ಟವಾಗಿತ್ತು, ಅದು ನನ್ನ ಕೈಬಳೆಗೇ ಕುತ್ತು ತರುವವರೆಗೆ.

ಒಂದು ಮಧ್ಯಾಹ್ನ ಸಾಲೆಯಲ್ಲಿ ಮಕ್ಕಳ ಪೇಪರು ತಿದ್ದುತ್ತಿದ್ದಾಗ ಬೆಂಗಳೂರಿನಿಂದ ಒಬ್ಬ ಹುಡುಗಿಯ ಫೋನು ಬಂತು. "ಮೇಡಂ, ನಿಮ್ಮ ಯಜಮಾನರು ಫೋನ್ ಎತ್ತುತ್ತಿಲ್ಲ. ಅವರ ಕ್ರೆಡಿಟ್ ಕಾರ್ಡಿನ ಬಾಕಿ ದಯವಿಟ್ಟು ನೆನಪಿಸ್ತೀರಾ?" ಎಷ್ಟು ನಯವಾಗಿ ಕೇಳಿದಳೆಂದರೆ, "ಆಗಲವಾ, ಊಟಾ ಆತೇನು?" ಎಂದು ವಿಚಾರಿಸಿಯೇ ಇಟ್ಟೆ. ಆ ಮಾತಿನ ಅರ್ಥ ತಲೆಗೆ ಹೋದದ್ದು ಆಮೇಲೆ. ನಮ್ಮವರ ಬಳಿ ಅಂಥ ಕಾರ್ಡು ಇರುವುದೇ ನನಗೆ ಗೊತ್ತಿರಲಿಲ್ಲ. ಫೋನು ಬಂದಾಗಲೆಲ್ಲ ಅವರು ಬಚ್ಚಲಿಗೆ ಓಡುತ್ತಿದ್ದುದನ್ನು ನೋಡಿ, ಹೊಟ್ಟೆ ಕೆಟ್ಟಿದೆಯೆಂದು ದಿನಾ ಮಜ್ಜಿಗೆ ಕುಡಿಸಿದ್ದೆ.

ಸಂಜೆ ಎದುರಿಗೆ ಕೂರಿಸಿಕೊಂಡು, "ಖರೆ ಹೇಳ್ರಿ, ಎಷ್ಟದ?" ಎಂದೆ. ಅವರು ಹೇಳಿದ್ದು ಕೇಳಿ ನನ್ನ ಕಣ್ಣು ತಾನಾಗಿ ಕೈಯಲ್ಲಿದ್ದ ಪಾಟ್ಲಿಗಳ ಮೇಲೆ ಹೋಯಿತು. ಅವ್ವ ಕೊಟ್ಟ ಬಂಗಾರ. ಅದನ್ನು ಒತ್ತೆ ಇಡದೆ ಬೇರೆ ಗತಿ ಕಾಣಲಿಲ್ಲ, ಅಳುವೇ ಬಂತು.

ಆಗಿದ್ದಿಷ್ಟು. ಹುನಗುಂದದಲ್ಲಿರುವ ಅವರ ಅಕ್ಕನ ಮಗಳ ಮದುವೆಗೆ ಎಲ್ಲರೂ ಇಳಕಲ್ಲಿಗೆ ಜವಳಿ ತೆಗೆಯಲು ಹೋಗಿದ್ದಾರೆ. ಅಕ್ಕ ಸೀರೆಗಳ ರೊಕ್ಕ ಬಿಚ್ಚುವ ಮೊದಲೇ ನಮ್ಮವರು ಬೀಗರ ಎದುರು ಗತ್ತಿನಿಂದ ಹೊಸ ಕಾರ್ಡು ಉಜ್ಜಿದ್ದಾರೆ.

"ಅಕ್ಕ ಅಲ್ಲೇ ರೊಕ್ಕಾ ಕೊಡಾಕ ಬಂದ್ಳು. ನಾ ಒಲ್ಲೆ ಅಂದೆ."

"ಮತ್ತ?"

"ಮತ್ತ ಕೊಡಾಕ ಬಂದ್ಳು. ಮತ್ತ ಒಲ್ಲೆ ಅಂದೆ."

"ಆಮ್ಯಾಲೆ?"

"ಆಮ್ಯಾಲೆ ಆಕಿ ಸುಮ್ಮನಾಗಿ ಬಿಟ್ಳು!" ಎಂದರು, ಇನ್ನು ಲೋಕದಲ್ಲಿ ಯಾರನ್ನು ನಂಬಬೇಕು ಎಂಬ ದನಿಯಲ್ಲಿ. ಅಕ್ಕನನ್ನು ಕೇಳಲು ಅವರಿಗೆ ನಾಚಿಕೆ, ನನಗೆ ಹೇಳಲು ಹೆದರಿಕೆ. ಬಡ್ಡಿಗೆ ಮಾತ್ರ ಎರಡೂ ಇರಲಿಲ್ಲ, ತನ್ನ ಪಾಡಿಗೆ ತಾನು ಬೆಳೆದಿತ್ತು.

ಭಾನುವಾರ ಅವರನ್ನು ಎಳೆದುಕೊಂಡೇ ಹುನಗುಂದಕ್ಕೆ ಹೊರಟೆ. ಅಮೀನಗಡದಲ್ಲಿ ಬಸ್ಸು ನಿಂತದ್ದೇ ತಡ, "ಅಕ್ಕನ ಮನಿಗೆ ಬರಿಗೈಲೆ ಹೋಗೂದೇನು?" ಎಂದು ಕರದಂಟು ತರಲು ಇಳಿದರು. "ಕಾರ್ಡ್ ಇಲ್ಲೇ ಕೊಟ್ಟು ಹೋಗ್ರಿ" ಎಂದೆ.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳಕ್ಕೆ ತಾಲೀಮು ಮಾಡಿದ್ದೆ. ಅಕ್ಕಾರು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. "ಅಯ್ಯ, ನಾನೂ ಅದಽ ಚಿಂತ್ಯಾಗ ಅದೀನಿ ನೋಡವಾ. ತಮ್ಮ ಸಿಟ್ಟಾಗ್ಯಾನೇನೋ ಅಂತ ಹೆದರಿದ್ದೆ. ರೊಕ್ಕಾ ಹಂಗಽ ಇಟ್ಟೇನಿ!" ಎನ್ನುತ್ತ ಒಳಗಿನಿಂದ ಗಂಟು ತಂದು ನನ್ನ ಉಡಿಗೇ ಹಾಕಿದರು. ಎದೆಯ ಮೇಲಿನ ಕಲ್ಲು ಇಳಿಯಿತು. ಪಾಟ್ಲಿಗಳನ್ನೊಮ್ಮೆ ಸವರಿಕೊಂಡೆ.

"ಅಲ್ರಿ ಅಕ್ಕಾರ, ಅವತ್ತಽ ಇವರ ಕಿಸೇಕ ತುರುಕಬೇಕಿಲ್ಲೇನ್ರಿ?"

"ಎಲ್ಲಿ ತುರುಕಲಿ? ಆ ಟೀ ಶರ್ಟಿಗೆ ಕಿಸೇನ ಇದ್ದಿಲ್ಲ. ಪ್ಯಾಂಟಿನ ಕಿಸೇದಾಗ ಎರಡೂ ಕೈ ಇಟ್ಕೊಂಡು ಹೀರೋನಂಗ ನಿಂತಿದ್ದ!"

ನಮ್ಮವರು ನನ್ನ ಮುಖ ನೋಡಿದರು. 'ಮುದುಕರಂಗ ಅಂಗಿ ಬ್ಯಾಡ' ಎಂದು ಹಟ ಹಿಡಿದು ಆ ಟೀ ಶರ್ಟು ಕೊಡಿಸಿದವಳು ನಾನೇ. ನಾನು ಕರದಂಟಿನ ಪೊಟ್ಟಣ ಬಿಚ್ಚತೊಡಗಿದೆ.

ಹೊರಡುವಾಗ ಅಕ್ಕಾರು ಬಾಗಿಲವರೆಗೆ ಬಂದು ಇನ್ನಷ್ಟು ನೋಟು ಮುಂದೆ ಹಿಡಿದರು. "ಬಡ್ಡೀನೂ ಬಿದ್ದಿರ್ತದಲ್ಲವಾ, ಹಿಡಿ."

"ಛೇ ಛೇ, ಒಲ್ಲೆ ಬಿಡ್ರಿ ಅಕ್ಕಾರ" ಎಂದೆ.

"ಹಿಡಿಯವಾ."

"ಒಲ್ಲೇರಿ, ನಾವೇನ್ ಹೊರಗಿನವರಾ?"

ಅಕ್ಕಾರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಿಟ್ಟುಸಿರಿಟ್ಟು, ನೋಟು ಮಡಚಿ ಸೊಂಟಕ್ಕೆ ಸಿಗಿಸಿಕೊಂಡರು. ಸೀರೆಗೂ ಕಿಸೆ ಇರುವುದಿಲ್ಲ ಎಂದು ನನಗೆ ಹೊಳೆದದ್ದು ಬಸ್ಸು ಅಮೀನಗಡ ದಾಟಿದ ಮೇಲೆ.