ಅಚ್ಯುತನ ಹಿಮಶಿಖರ

ಭಾನುವಾರ ಬೆಳಿಗ್ಗೆ ಸೂರತ್ತಿನ ಅಚ್ಯುತ ಮಾಡಿದ ತಪ್ಪು ಇಷ್ಟೇ: ಗುಂಪಿಗೆ ಒಂದು ಫೋಟೊ ಹಾಕಿ, ಕೆಳಗೆ ಏನೂ ಬರೆಯದೆ ಸ್ನಾನಕ್ಕೆ ಹೋದ.

ಗುಜರಾತಿನ ಕನ್ನಡಿಗರ ಆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕ್ಯಾಮೆರಾದ ಹುಚ್ಚು. ಅಲ್ಲಿ ಬೆಟ್ಟದ ಚಿತ್ರ ಬಿಟ್ಟು ಬೇರೇನೂ ಹಾಕುವಂತಿಲ್ಲ. ಬೆಟ್ಟವನ್ನೇ ಹತ್ತದ ಅಚ್ಯುತ ಇನ್ನೇನು ಮಾಡಿಯಾನು? ಹೋದ ವಾರ ಕಡಲ ಕಡೆಯ ಉಪ್ಪಿನ ಆಗರಕ್ಕೆ ಹೋಗಿ, ಮಕಾಡೆ ಮಲಗಿ, ಮಂಜಿನಲ್ಲಿ ನಿಂತ ಉಪ್ಪಿನ ರಾಶಿಯೊಂದನ್ನು ಸೆರೆಹಿಡಿದಿದ್ದ. ನೋಡಿದವರು ನಗಲಿ ಎಂದೇ ಕಳಿಸಿದ್ದು.

ತಲೆ ಒರೆಸಿಕೊಂಡು ಬಂದು ನೋಡಿದರೆ ಯಾರೂ ನಕ್ಕಿರಲಿಲ್ಲ. ಮಣಿನಗರದ ಜಲಜಾ ಮೇಡಂ ನೆರಳು ಗಾಢವಾಯಿತು ಎಂದಿದ್ದರು. ಗುಂಪಿನ ಹಿರಿಯರಾದ, ವಡೋದರಾ ಪಕ್ಕದ ಕೊಯಾಲಿಯ ವಾಮನರಾಯರು, ಹಿಮ ಚೆನ್ನಾಗಿ ಬಂದಿದೆ, ಶಿಖರ ತುಸು ಎಡಕ್ಕಿರಬೇಕಿತ್ತು ಎಂದು ತೀರ್ಪು ಕೊಟ್ಟು, ಜಾಗ ಯಾವುದೆಂದು ಕೇಳಿದ್ದರು.

ಅದು ಉಪ್ಪು ಎಂದು ಅಚ್ಯುತ ಬರೆದ. ಒಳ್ಳೆಯ ಜಾಗ ಸಿಕ್ಕವರೆಲ್ಲ ಹೀಗೇ ಬಚ್ಚಿಡುತ್ತಾರೆ ಎಂದು ಜಲಜಾ ಬೇಸರಪಟ್ಟರು. ಅವನು ಆಣೆಯಿಟ್ಟಷ್ಟೂ ಅನುಮಾನ ನೆನೆಹಾಕಿದ ಕಡಲೆಯಂತೆ ಉಬ್ಬಿತು. ರೋಸಿಹೋಗಿ, ಬೇಕಾದರೆ ಬಂದು ನೋಡಿ ಎಂದುಬಿಟ್ಟ.

ಮರುದಿನವೇ ಅವರಿಬ್ಬರೂ ಬಂದೇಬಿಟ್ಟರು. ರೈಲಿನಲ್ಲಿ ವಡೋದರಾಕ್ಕೆ ಬಂದ ಜಲಜಾ, ಅಲ್ಲಿಂದ ರಾಯರ ಕಾರು ಹತ್ತಿದ್ದರು. ಅಚ್ಯುತನ ಹೆಂಡತಿ ಯಶೋದಾ ಬಡಿಸಿದ ಬಿಸಿಬೇಳೆಭಾತ್ ಎರಡೆರಡು ಸಲ ಹಾಕಿಸಿಕೊಂಡು, ಮೂವರೂ ಆಗರಕ್ಕೆ ಹೊರಟರು.

ಕಾರಿನಿಂದ ಇಳಿದ ಅಚ್ಯುತ ಉಪ್ಪಿನ ರಾಶಿಗಾಗಿ ಸುತ್ತಲೂ ಕಣ್ಣಾಡಿಸಿದ. ನೆಲ ರೊಟ್ಟಿ ಹೆಂಚಿನಂತೆ ಸಪಾಟಾಗಿತ್ತು. ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ.

"ಹೋದ ವಾರ ಇಲ್ಲೇ ಇತ್ತು ಸರ್. ಲಾರಿಗೆ ತುಂಬಿ ಸಾಗಿಸಿಬಿಟ್ಟಿದಾರೆ."

"ಬೆಟ್ಟಾನ?" ಎಂದರು ಜಲಜಾ.

ರಾಯರು ಬಯಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಬೈಗುಳಕ್ಕೆ ಸಿದ್ಧನಾಗಿ ಅಚ್ಯುತ ತಲೆ ತಗ್ಗಿಸಿದ. ಹೆಗಲ ಮೇಲೆ ರಾಯರ ಕೈ ಬಿತ್ತು.

"ಬಿಡಪ್ಪ, ಅರ್ಥ ಆಯ್ತು. ಒಂದು ಜಾಗದ ಗುಟ್ಟು ಕಾಪಾಡೋಕೆ ನಮ್ಮನ್ನ ಈ ಬಯಲಿಗೆ ಕರ್ಕೊಂಡು ಬಂದೆ ಅಂದ್ರೆ, ನೀನು ನಿಜವಾದ ಬೆಟ್ಟದ ಮನುಷ್ಯ. ಮೇ ತಿಂಗಳಲ್ಲಿ ನಮ್ಮ ಗುಂಪು ಹಿಮಾಲಯಕ್ಕೆ ಹೋಗ್ತಿದೆ. ದಾರಿ ತೋರಿಸೋನು ನೀನೇ."

ಅಚ್ಯುತ ಬಾಯಿ ತೆರೆಯುವಷ್ಟರಲ್ಲಿ ಜಲಜಾ ಅದನ್ನು ಗುಂಪಿಗೆ ತಿಳಿಸಿಯೂ ಆಗಿತ್ತು. ಅಭಿನಂದನೆಗಳು ಸುರಿಯತೊಡಗಿದವು.

ಮನೆಗೆ ಬಂದವನೇ ಯಶೋದಾಳ ಮುಂದೆ ಎಲ್ಲ ತೋಡಿಕೊಂಡ. ಅವಳಾದರೂ ಒಂದು ಉಪಾಯ ಹೇಳಲಿ ಎಂದು ಕಾದ.

"ಮದುವೆ ಆದಾಗಿಂದ ಎಲ್ಲಿಗಾದ್ರೂ ಹೋಗೋಣ ಅಂತಿದ್ದೆ," ಎಂದಳು ಯಶೋದಾ, ಮುಖವೆಲ್ಲ ಅರಳಿಸಿಕೊಂಡು. "ನಾನೂ ಬರ್ತೀನಿ ಅಂತ ರಾಯರಿಗೆ ಫೋನ್ ಮಾಡಿ ಹೇಳ್ತೀನಿ. ನೀವು ಅಂಗಡಿ ಮುಚ್ಚೋದ್ರೊಳಗೆ ಎರಡು ಸ್ವೆಟರ್ ತನ್ನಿ."

ಅವಳು ಇಷ್ಟು ಖುಷಿಯಾಗಿದ್ದನ್ನು ಅಚ್ಯುತ ನೋಡಿ ವರ್ಷಗಳಾಗಿದ್ದವು. ಚಪ್ಪಲಿ ಮೆಟ್ಟಿ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ಸೂರತ್ತಿನ ಸೆಕೆಯಲ್ಲಿ ಸ್ವೆಟರ್ ಹುಡುಕಿಕೊಂಡು ಹೊರಟ.