ಬಿಕ್ಕಳಿಕೆಯಲ್ಲಿ ಸಿಕ್ಕಿಬಿದ್ದ ನಂಜಪ್ಪ

ಅಗಿಯುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಅದೂ ನನ್ನಂಥವನಿಗೆ! ಹಿಂದೂಪುರದ ನಮ್ಮ ಮಗ್ಗದ ಮನೆತನದಲ್ಲಿ ಮೊದಲ ಬಿ.ಎ. ನಾನು. ಹಗಲು ಅಪ್ಪನಿಗೆ ನೂಲು ಸುತ್ತಿಕೊಟ್ಟು, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಸಂಪಾದಿಸಿದ ಡಿಗ್ರಿ. ಜಂಬ ಸ್ವಲ್ಪ ಜಾಸ್ತಿಯೇ ಇದೆ. ಬೀದಿಯವರ ಮಾತ್ರೆ ಡಬ್ಬಿ, ಬ್ಯಾಂಕಿನ ಕಾಗದ, ಹೊಸ ಮಿಕ್ಸಿಯ ಜೊತೆ ಬಂದ ಚೀಟಿ, ಎಲ್ಲವೂ ಓದಿಸಿಕೊಳ್ಳಲು ನಮ್ಮ ಜಗಲಿಗೇ ಬರುತ್ತವೆ.

ಇಂಥ ನಾನು ಸಿಗರೇಟು ಬಿಡಬೇಕಾಗಿ ಬಂದದ್ದು ತಂಗಿಯ ಮದುವೆಗಾಗಿ. ಕಲ್ಯಾಣದುರ್ಗದ ಹುಡುಗ ಅವಳನ್ನು ಒಪ್ಪಿದ್ದ. ಇವಳಂತೂ ಅವನ ಹೆಸರೆತ್ತಿದರೆ ಸಾಕು, ನಾಚಿ ಅಡುಗೆಮನೆ ಸೇರುತ್ತಿದ್ದಳು. ಆದರೆ ಹುಡುಗನ ತಾಯಿ, ಹೊಗೆ ಸೇದುವವರ ಮನೆಯ ನೆಂಟಸ್ತನವೇ ಬೇಡ ಎಂದು ಹಟ ಹಿಡಿದಿದ್ದರು. ಅಪ್ಪ ಇಲ್ಲದ ಮನೆಗೆ ಗಂಡಸೆಂದರೆ ನಾನೊಬ್ಬನೇ. “ನಮ್ಮನೇಲಿ ಅಂಥ ಚಟ ಯಾರ್ಗೂ ಇಲ್ಲ ಕಣಮ್ಮ” ಎಂದು ಫೋನಿನಲ್ಲಿ ಹೇಳಿದ ಅಮ್ಮ, ಫೋನಿಟ್ಟ ಕೂಡಲೇ, “ಗಂಡಿನ ಮನೆ ನೋಡಾಕೆ ಹೋಗೋದ್ರೊಳಗೆ ಬಿಟ್ಬುಡು ಕಣ್ಲಾ” ಎಂದಳು.

ಔಷಧಿ ಅಂಗಡಿಯಿಂದ, ಸಿಗರೇಟಿನ ಬದಲು ಅಗಿಯುವ ನಿಕೋಟಿನ್ ಗಮ್ ತಂದೆ. ಡಬ್ಬಿಯೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು. ಅಗಿಯುವುದಕ್ಕೂ ಪಾಠವೇ ಎಂದು ಬಿಚ್ಚಲೇ ಇಲ್ಲ. ಅಜ್ಜಿಯ ಎಲೆ ಅಡಿಕೆ ನೋಡಿ ಬೆಳೆದವನು ನಾನು! ಹಾಗೇ ಅಗಿದು, ರಸ ನುಂಗಿ, ಎಂಟು ದಿನ ದೂಡಿದೆ. ಗಂಟಲು ಉರಿಯಿತು, ದವಡೆ ನೊಂದಿತು. ತ್ಯಾಗವೆಂದರೆ ಇದೇ ಇರಬೇಕು ಅಂದುಕೊಂಡೆ. ಅಮ್ಮನ ಜೊತೆ ಗಂಡಿನ ಮನೆಗೆ ಹೊರಟ ದಿನ ಭಯಕ್ಕೆ ಬಸ್ಸಿನುದ್ದಕ್ಕೂ ಅಗಿದೆ. ಕಲ್ಯಾಣದುರ್ಗದಲ್ಲಿ ಇಳಿದು ಅವರ ಹೊಸ್ತಿಲು ದಾಟಿ “ನಮಸ್ಕಾರ” ಎನ್ನಲು ಬಾಯಿ ತೆರೆದರೆ ಬಂದದ್ದು ಬಿಕ್ಕಳಿಕೆ.

“ಯಾರೋ ನೆನೆಸ್ಕೊಂತಾವ್ರೆ ಕಣಪ್ಪ” ಎಂದರು ಹುಡುಗನ ತಾಯಿ. “ಒಬ್ಬೊಬ್ರ ಹೆಸ್ರೇ ಹೇಳಾನ. ನೆನೆಸ್ಕೊಂಡೋರ ಹೆಸ್ರು ಬಂದ್ರೆ ನಿಂತೋಯ್ತದೆ.”

ಮದುವೆ ಮಾತು ಮೂಲೆಗೆ ಹೋಗಿ ಹೆಸರಿನ ಹರಾಜು ಶುರುವಾಯಿತು. ಲೇಪಾಕ್ಷಿಯ ಅತ್ತೆ, ಬಿಕ್! ಕುಂದುರ್ಪಿಯ ಮಾವ, ಬಿಕ್! ತೀರಿಕೊಂಡ ಅಜ್ಜಿಯನ್ನೂ ಬಿಡಲಿಲ್ಲ. ಆಟದ ರಭಸದಲ್ಲಿ ಅಮ್ಮ, “ನಂಜಪ್ಪ!” ಎಂದಳು. ನನ್ನ ಎದೆ ಧಸಕ್ಕೆಂದಿತು. ಬಿಕ್ಕಳಿಕೆ ಗಪ್‌ಚುಪ್.

“ದೊರಿಕಾಡು!” ಎಂದು ಹುಡುಗನ ತಂದೆ ತೆಲುಗಿನಲ್ಲಿ ಕೂಗಿ ಚಪ್ಪಾಳೆ ತಟ್ಟಿದರು, ಕಳ್ಳನೊಬ್ಬ ಸಿಕ್ಕಿಬಿದ್ದ ಹಾಗೆ.

“ಯಾರಮ್ಮ ಆ ನಂಜಪ್ಪ?” ಎಂದರು ಹುಡುಗನ ತಾಯಿ.

“ನಮ್ಮ ಬೀದಿ ಪೆಟ್ಟಿಗೆ ಅಂಗಡಿಯೋನು. ಎಂಟು ದಿವ್ಸದಿಂದ ಇವನು ಸಿಗ್ರೇಟಿಗೆ ಹೋಗಿಲ್ವಲ್ಲ, ಪಾಪ ಅದ್ಕೇ...” ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ತಂಗಿಯ ಮುಖ ಕಣ್ಣ ಮುಂದೆ ಬಂತು. ಇನ್ನು ಮುಚ್ಚಿಡುವುದೇನು ಎಂದು ಡಬ್ಬಿ ತೆಗೆದು ಆ ತಾಯಿಯ ಮುಂದಿಟ್ಟೆ. “ತಪ್ಪಾಯ್ತಮ್ಮ. ಸೇದ್ತಿದ್ದೆ. ಈಗ ಇದನ್ನ ಅಗಿದು ಚಟ ಬಿಡ್ತಾ ಇದೀನಿ.”

ಅವರು ಡಬ್ಬಿಯನ್ನು ತಿರುಗಿಸಿ ನೋಡಿ, ಒಳಗಿನ ಚೀಟಿ ಹೊರತೆಗೆದರು. ಆಮೇಲೆ ಗಂಡನ ಕಡೆ ತಿರುಗಿದರು. “ನೀವೂ ಬನ್ರೀ ಇಲ್ಲಿ. ಹಿತ್ತಲಾಗೆ ಹೋಗಿ ಕೆಮ್ಕೊಂಡ್ ಬತ್ತೀರಲ್ಲ, ನಂಗೆ ಗೊತ್ತಿಲ್ಲ ಅಂದ್ಕಂಡ್ರಾ?” ಚಪ್ಪಾಳೆ ತಟ್ಟಿದ ಕೈಗಳು ಮಡಿಲಿಗೆ ಇಳಿದವು. “ಸೇದೋರು ಬ್ಯಾಡ ಅಂದಿದ್ದೆ. ಬಿಡೋರ್ನ ಬ್ಯಾಡ ಅಂದಿಲ್ಲ. ಹುಡುಗೀನ ತಂದ್ಕೋತೀವಿ. ಮೊದ್ಲು ಈ ಚೀಟಿ ಓದಪ್ಪ, ಬಿ.ಎ. ಅಂತಲ್ಲ ನೀನು, ಇವರೂ ಕೇಳ್ಲಿ.”

ಗಂಟಲು ಸರಿಮಾಡಿಕೊಂಡು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತ, ಡಿಗ್ರಿಗೆ ತಕ್ಕ ಗತ್ತಿನಲ್ಲಿ ಓದಿದೆ: “ನಿಧಾನವಾಗಿ ಅಗಿಯಿರಿ. ಬಾಯಿ ಚುರುಗುಟ್ಟಿದೊಡನೆ ನಿಲ್ಲಿಸಿ, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಿ. ಅವಸರವಾಗಿ ಅಗಿದು ರಸ ನುಂಗಿದರೆ ಗಂಟಲುರಿ, ದವಡೆ ನೋವು...” ಮುಂದಿನ ಪದ ಕಂಡು ದನಿ ನಿಂತುಹೋಯಿತು.

“ಮುಂದುಕ್ಕೆ ಓದಪ್ಪ” ಎಂದರು ಆ ತಾಯಿ.

“ಬಿಕ್ಕಳಿಕೆ.”

ತಂಗಿ ಈಗ ಕಲ್ಯಾಣದುರ್ಗದಲ್ಲಿ ಸುಖವಾಗಿದ್ದಾಳೆ. ಬೀದಿಯವರು ಇಂದಿಗೂ ಚೀಟಿ ಹಿಡಿದು ನಮ್ಮ ಜಗಲಿಗೆ ಬರುತ್ತಾರೆ. ನಾನು ಕನ್ನಡಕ ಏರಿಸುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಕೇಳುತ್ತದೆ: “ಮೊದ್ಲು ನಿನ್ ಚೀಟಿ ಓದ್ಕಂಡ್ಯೇನ್ಲಾ?”